ವೀಸಾ ಕೇಳುವ ಮುನ್ನ ನಾಲ್ಕು ಮಾತು

(ಅಂತೂರ-ಬೆಂತೂರದಲ್ಲಿ ಪಾಲಕರು ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ವೀಸಾದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಓಣಿಗಳನ್ನೇ ಒಮ್ಮೆ ನೋಡಿ. ಒಂದು ಮನೆಯ ಮಗ ದುಬೈಯಲ್ಲಿ, ಇನ್ನೊಂದು ಮನೆಯ ಅಳಿಯ ರಿಯಾದಿನಲ್ಲಿ, ಮತ್ತೊಂದು ಮನೆಯ ಮಗಳು ಎಂಜಿನಿಯರಿಂಗ್ ಓದಿ ಅಮೆರಿಕದಲ್ಲಿ. ಮಗಳಿಗೆ ಹೆರಿಗೆ ಹತ್ತಿರ ಬಂತು, ಬಾಣಂತನಕ್ಕೆ ತಾಯಿ ಹೋಗಬೇಕು. ಮಗನ ಮನೆ ಒಮ್ಮೆ ನೋಡಿ ಬರಬೇಕೆಂದು ತಂದೆಗೆ ಆಸೆ. ಆಗ ಎದುರಾಗುವುದೇ ಪರದೇಶದ ರಾಯಭಾರ ಕಚೇರಿಯ ಬಾಗಿಲು. ಆ ಬಾಗಿಲಿನ ಮುಂದೆ ಏನು ಮಾತಾಡಬೇಕು, ಯಾವ ಕಾಗದ ಹಿಡಿದು ನಿಲ್ಲಬೇಕು ಎಂಬುದು ತಿಳಿಯದೆ ಎಷ್ಟೋ ಜನ ಹಣ ಕಳೆದುಕೊಳ್ಳುತ್ತಾರೆ. ಕೆಲವರು ಅದಕ್ಕಿಂತ ಹೆಚ್ಚಿನದನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಇದೂ ಶಿಕ್ಷಣದ ವಿಷಯವೇ.

ಮೊದಲು ಪಾಸ್‌ಪೋರ್ಟ್ ಮತ್ತು ವೀಸಾ ಇವೆರಡರ ವ್ಯತ್ಯಾಸ ತಿಳಿದುಕೊಳ್ಳೋಣ. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ‘ಈತ ನಮ್ಮ ಪ್ರಜೆ’ ಎಂದು ಅದು ಲೋಕಕ್ಕೆ ಹೇಳುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ ಆಸ್ತಿ. ಸಾಲಕ್ಕೆ ಒತ್ತೆ ಎಂದು ಅದನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ವೀಸಾ ಕೊಡುವುದು ನಾವು ಹೋಗಬೇಕೆಂದಿರುವ ದೇಶ. ಅದು ನಮ್ಮ ಹಕ್ಕಲ್ಲ, ಆ ದೇಶದ ಅನುಮತಿ. ಮನೆಯ ಯಜಮಾನ ಬಾಗಿಲು ತೆರೆದರೆ ಮಾತ್ರ ನಾವು ಒಳಗೆ ಹೋಗುವ ಹಾಗೆ. ಭೇಟಿಯ ವೀಸಾ, ಅಂದರೆ ಜನ ಹೇಳುವ ‘ವಿಜಿಟ್ ವೀಸಾ’, ಬಂಧುಗಳನ್ನು ನೋಡಲು, ಊರು ಸುತ್ತಲು ಸ್ವಲ್ಪ ದಿನದ ಮಟ್ಟಿಗೆ ಕೊಡುವಂಥದ್ದು. ಅದರ ಮೇಲೆ ಕೂಲಿ ಮಾಡುವಂತಿಲ್ಲ, ನೌಕರಿ ಮಾಡುವಂತಿಲ್ಲ, ನೆಲೆಸುವಂತಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ಹೆಸರಿನ ವಿಷಯ. ನಮ್ಮಲ್ಲಿ ಹೆಚ್ಚಿನ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಒಬ್ಬರ ಹೆಸರು ಶಾಲೆಯ ದಾಖಲೆಯಲ್ಲಿ ‘ಹುಸೇನಸಾಬ’ ಎಂದಿರುತ್ತದೆ. ಆಧಾರ್ ಕಾರ್ಡಿನಲ್ಲಿ ಅದು ‘ಹುಸೇನ್ ಸಾಹೇಬ್’ ಆಗುತ್ತದೆ, ಬ್ಯಾಂಕಿನಲ್ಲಿ ‘ಮೊಹಮ್ಮದ್ ಹುಸೇನ್’, ಹೊಲದ ಉತಾರದಲ್ಲಿ ತಂದೆಯ ಹೆಸರಿನೊಡನೆ ಇನ್ನೇನೋ. ಊರಲ್ಲಿ ಎಲ್ಲರಿಗೂ ಇವೆಲ್ಲ ಒಬ್ಬನೇ ಮನುಷ್ಯ ಎಂದು ಗೊತ್ತು. ಪರದೇಶದ ಅಧಿಕಾರಿಗೆ ಮಾತ್ರ ಇವರು ನಾಲ್ಕು ಬೇರೆ ಬೇರೆ ಜನ. ಅಡ್ಡಹೆಸರು ಇಲ್ಲದ ಪಾಸ್‌ಪೋರ್ಟಿನ ಕಷ್ಟ ಮತ್ತೂ ಹೆಚ್ಚು. 2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಎಮಿರೇಟ್ಸ್ ದೇಶವು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಭೇಟಿ ಅಥವಾ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ವಿಮಾನ ಕಂಪನಿಗಳಿಗೆ ತಿಳಿಸಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಿಕೊಳ್ಳುವುದಾಗಿ ಆಮೇಲೆ ಸ್ಪಷ್ಟಪಡಿಸಿತು. ಅಮೆರಿಕದವರು ಒಂದೇ ಹೆಸರಿನವರ ವೀಸಾದಲ್ಲಿ ಇನ್ನೊಂದು ಹೆಸರಿನ ಜಾಗಕ್ಕೆ ‘ಎಫ್ಎನ್‌ಯು’ ಎಂಬ ಮೂರು ಅಕ್ಷರ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ.

ಪಾಲಕರೇ, ಈ ಗೊಂದಲದ ಬೇರು ಎಲ್ಲಿದೆ? ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ದಿನದಲ್ಲಿದೆ. ಅವಸರದಲ್ಲಿ ಬಾಯಿಗೆ ಬಂದ ಹೆಸರು ಹೇಳುತ್ತೇವೆ, ಅದೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯವರೆಗೆ ಹೋಗುತ್ತದೆ. ದಯವಿಟ್ಟು ಮಗುವಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಹುಟ್ಟಿದ ದಿನ ಇವನ್ನು ಕಾಗದದಲ್ಲಿ ಬರೆದುಕೊಂಡು ಶಾಲೆಗೆ ಬನ್ನಿ. ಜನನ ಪ್ರಮಾಣ ಪತ್ರದಲ್ಲಿ ಇರುವಂತೆಯೇ ಬರೆಸಿ. 2025ರಲ್ಲಿ ತಿದ್ದಿದ ಪಾಸ್‌ಪೋರ್ಟ್ ನಿಯಮಗಳ ಪ್ರಕಾರ, 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣ ಪತ್ರವೊಂದೇ ನಡೆಯುತ್ತದೆ. ಮುಖ್ಯೋಪಾಧ್ಯಾಯರಲ್ಲಿ ನನ್ನ ಬಿನ್ನಹವೆಂದರೆ, ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಮುಂಚೆ ಪ್ರತಿ ಮಗುವಿನ ಹೆಸರನ್ನು ಪಾಲಕರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಅಂದಿನ ಹತ್ತು ನಿಮಿಷದ ಕೆಲಸ ಮುಂದೆ ಹತ್ತು ವರ್ಷದ ಅಲೆದಾಟ ಉಳಿಸುತ್ತದೆ.

ಪಾಸ್‌ಪೋರ್ಟಿಗಾಗಿ ಈಗ ನಾವು ಬೆಂಗಳೂರಿಗೆ ಹೋಗಬೇಕಿಲ್ಲ, ಹುಬ್ಬಳ್ಳಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ. ಆದರೆ ಬಹಳಷ್ಟು ದೇಶಗಳು ಅವಧಿ ಮುಗಿಯಲು ಇನ್ನೂ ಆರು ತಿಂಗಳಾದರೂ ಇರಬೇಕು ಎನ್ನುತ್ತವೆ. ಆದ್ದರಿಂದ ಒಂಬತ್ತನೆಯ ವರ್ಷದಲ್ಲಿಯೇ ಹೊಸದಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಈಗ ವೀಸಾ ಕಚೇರಿಗೆ ಬರೋಣ. ಒಂದು ದೇಶದ ರಾಯಭಾರ ಕಚೇರಿ, ಅಂದರೆ ಎಂಬಸಿ, ದೆಹಲಿಯಲ್ಲಿರುತ್ತದೆ. ಬೇರೆ ನಗರಗಳಲ್ಲಿರುವುದು ಅದರ ಕಾನ್ಸುಲೇಟ್. ಅಮೆರಿಕದ ವೀಸಾಕ್ಕೆ ಕರ್ನಾಟಕದ ಜನ ಬಹಳ ಕಾಲದಿಂದ ಚೆನ್ನೈಗೆ ಹೋಗುತ್ತಿದ್ದಾರೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಆದರೆ ವೀಸಾ ಕೊಡುವ ಕೆಲಸ ಅಂದೇ ಅಲ್ಲಿ ಶುರುವಾಗಲಿಲ್ಲ. ಹಾಗಾಗಿ ಸಂದರ್ಶನ ಎಲ್ಲಿ ಎಂಬುದನ್ನು ಅವರ ಅಧಿಕೃತ ಸೂಚನೆಯಲ್ಲಿ ನೋಡಿಯೇ ರೈಲಿನ ಟಿಕೆಟ್ ತೆಗೆಸಿ. ಬ್ರಿಟನ್ ಮತ್ತು ಯುರೋಪಿನ ಹಲವು ದೇಶಗಳ ಅರ್ಜಿಯನ್ನು ಬೆಂಗಳೂರಿನ ವಿಎಫ್ಎಸ್ ಕೇಂದ್ರದಲ್ಲಿ ಕೊಡಬಹುದು. ಅಲ್ಲಿಯವರು ಕಾಗದ ತೆಗೆದುಕೊಳ್ಳುತ್ತಾರೆ, ಬೆರಳಚ್ಚು ಮತ್ತು ಫೋಟೋ ತೆಗೆಯುತ್ತಾರೆ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರಲ್ಲ, ಆ ದೇಶದ ಅಧಿಕಾರಿ. ‘ಒಳಗೆ ನಮ್ಮವರಿದ್ದಾರೆ, ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳುವವನನ್ನು ಮನೆಯ ಮೆಟ್ಟಿಲು ಹತ್ತಲು ಬಿಡಬೇಡಿ.

ಅಧಿಕಾರಿ ಬಾಯಿ ತೆರೆದು ನೂರು ಪ್ರಶ್ನೆ ಕೇಳಲಿ, ಅವನ ಮನಸ್ಸಿನಲ್ಲಿರುವುದು ಮೂರೇ. ಯಾಕೆ ಹೋಗುತ್ತೀರಿ? ಖರ್ಚು ಯಾರದು? ತಿರುಗಿ ಬರುತ್ತೀರಾ? ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ 214(ಬಿ) ಎಂಬ ಕಲಮು ಇದೆ. ಅದರ ಪ್ರಕಾರ ಭೇಟಿಗೆ ಹೊರಟವರನ್ನೂ ‘ಇವರು ಅಲ್ಲಿಯೇ ನೆಲೆಸಲು ಹೊರಟವರು’ ಎಂದೇ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ನಮ್ಮನ್ನು ಅನುಮಾನಿಸಿದರು ಎಂದು ಬೇಸರ ಪಡುವ ಕಾರಣವಿಲ್ಲ. ಕಾಯ್ದೆ ಎಲ್ಲರನ್ನೂ ಹಾಗೆಯೇ ನೋಡುತ್ತದೆ.

ಪಟ್ಟಣದ ನೌಕರನಿಗೆ ಈ ಪ್ರಶ್ನೆಗೆ ಉತ್ತರ ಸುಲಭ. ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಆದಾಯ ತೆರಿಗೆಯ ಕಾಗದ ತೋರಿಸುತ್ತಾನೆ. ನಮ್ಮ ರೈತ ಏನು ತೋರಿಸಬೇಕು? ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ತೆರಿಗೆಯ ಕಾಗದವೂ ಇಲ್ಲ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ವ್ಯವಹಾರವೆಲ್ಲ ರೊಕ್ಕದಲ್ಲಿ. ವಾಸ್ತವವಾಗಿ ಎರಡು ಎಕರೆ ಎರೆ ಹೊಲ, ಎತ್ತು, ಮನೆ, ಮೊಮ್ಮಕ್ಕಳು ಇರುವ ಈ ಮನುಷ್ಯ ಊರು ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಆದರೆ ಅದನ್ನು ಹೇಳುವ ಕಾಗದ ಅವನ ಬಳಿ ಇರುವುದಿಲ್ಲ. ಬೇರು ಆಳದಲ್ಲಿದೆ, ಮೇಲೆ ಕಾಣುವುದಿಲ್ಲ.

ಅದನ್ನು ಕಾಣುವಂತೆ ಮಾಡಬಹುದು. ಹೊಲದ ವಾರಸಾ ಮಾಡಿಸಿ, ಉತಾರದಲ್ಲಿ ನಿಮ್ಮ ಹೆಸರು ಬರುವಂತೆ ನೋಡಿಕೊಳ್ಳಿ. ಊರೊಳಗಿನ ಮನೆಗೆ ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ಉತಾರ ಪಡೆಯಿರಿ. ಗದಗ ಎಪಿಎಂಸಿಯಲ್ಲಿ ಶೇಂಗಾ, ಉಳ್ಳಾಗಡ್ಡಿ, ಕಡಲೆ ಮಾರಿದಾಗ ಅಡತಿಯವರು ಕೊಡುವ ಪಟ್ಟಿಯನ್ನು ಹರಿದು ಒಗೆಯಬೇಡಿ, ಜೋಡಿಸಿಡಿ, ಹಣವನ್ನು ಬ್ಯಾಂಕಿನಲ್ಲಿ ಹಾಕಿ. ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ ಮಾಡಿಸಿ. ಕನ್ನಡದ ಉತಾರವಾಗಲಿ, ಉರ್ದುವಿನ ನಿಕಾಹ್‌ನಾಮಾ ಆಗಲಿ, ಇಂಗ್ಲಿಷಿಗೆ ಭಾಷಾಂತರ ಮಾಡಿಸಿ, ಭಾಷಾಂತರ ಮಾಡಿದವರ ಸಹಿ, ವಿಳಾಸ, ತಾರೀಖು ಹಾಕಿಸಿ. ಬ್ರಿಟನ್ನಿನವರು ಭಾಷಾಂತರವಿಲ್ಲದ ಕಾಗದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬ್ಯಾಂಕಿನ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. ಅರ್ಜಿಗೆ ಹದಿನೈದು ದಿನ ಮುಂಚೆ ಯಾರದೋ ಐದು ಲಕ್ಷ ತಂದು ಖಾತೆಗೆ ಹಾಕಿಸುವ ಚಾಳಿ ನಮ್ಮಲ್ಲಿದೆ. ಅಧಿಕಾರಿ ನೋಡುವುದು ಕೊನೆಯ ಮೊತ್ತವನ್ನಷ್ಟೇ ಅಲ್ಲ, ಹಿಂದಿನ ಮೂರರಿಂದ ಆರು ತಿಂಗಳ ನಡೆಯನ್ನು. ಎರಡು ಸಾವಿರ, ಮೂರು ಸಾವಿರ ಇದ್ದ ಖಾತೆಯಲ್ಲಿ ಒಮ್ಮೆಲೇ ಐದು ಲಕ್ಷ ಕಂಡರೆ ಅನುಮಾನವೇ ಹುಟ್ಟುತ್ತದೆ. ನಿಮ್ಮದು ಚಿಕ್ಕ ಮೊತ್ತವಾದರೆ ಚಿಕ್ಕದೇ ಇರಲಿ. ಖರ್ಚು ಮಗ ನೋಡಿಕೊಳ್ಳುತ್ತಾನಾದರೆ ಅವನ ಆಮಂತ್ರಣ ಪತ್ರ, ಸಂಬಳದ ಕಾಗದ, ಅವನ ವೀಸಾದ ಪ್ರತಿ ಇಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಅರ್ಜಿ ತುಂಬುವುದನ್ನು ಏಜೆಂಟರಿಗೆ ಬಿಟ್ಟು ಕಣ್ಣು ಮುಚ್ಚಿ ಸಹಿ ಮಾಡಬೇಡಿ. ಅಮೆರಿಕದ ‘ಡಿಎಸ್-160’ ಎಂಬ ಅರ್ಜಿಯಲ್ಲಿ ಹಿಂದಿನ ಪ್ರಯಾಣ, ನೆಂಟರು, ಮೊದಲು ನಿರಾಕರಣೆ ಆಗಿತ್ತೇ ಎಂಬುದನ್ನೆಲ್ಲ ಕೇಳುತ್ತಾರೆ. 2019ರಿಂದ, ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಯ ಹೆಸರನ್ನೂ ಕೇಳುತ್ತಾರೆ. ಏಜೆಂಟ್ ಏನು ಬರೆದರೂ ಹೊಣೆ ನಿಮ್ಮದೇ. ಓದಿದ ಮಗ ಅಥವಾ ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಶುಲ್ಕ 2023ರ ಜೂನ್‌ನಲ್ಲಿ 185 ಡಾಲರ್ ಆಯಿತು. 2025ರ ಜುಲೈನಲ್ಲಿ ಆದ ಅಲ್ಲಿನ ಕಾಯ್ದೆ ಇನ್ನೂ 250 ಡಾಲರ್ ಹೆಚ್ಚುವರಿ ಶುಲ್ಕಕ್ಕೆ ದಾರಿ ಮಾಡಿದೆ. ವೀಸಾ ಸಿಗದಿದ್ದರೆ ಅರ್ಜಿಯ ಶುಲ್ಕ ತಿರುಗಿ ಬರುವುದಿಲ್ಲ. ಯುರೋಪಿನ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 90 ಯುರೋ ಆಯಿತು. ಅದಕ್ಕೆ ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆಯೂ ಬೇಕು. ಯಾವ ದೇಶವಾದರೂ ಸರಿ, ವೀಸಾ ಕೈಗೆ ಬರುವ ಮುಂಚೆ ಹಣ ತಿರುಗಿ ಬಾರದ ವಿಮಾನ ಟಿಕೆಟ್ ಕೊಳ್ಳಬೇಡಿ.

ತಾಯಂದಿರು ಕೇಳುವ ಪ್ರಶ್ನೆ ಒಂದಿದೆ: ‘ಫೋಟೋಕ್ಕ ತಲೀ ಮ್ಯಾಲಿನ ಸೆರಗು ತಗೀಬೇಕೇನ್ರಿ?’ ಅಮೆರಿಕದ ನಿಯಮದಂತೆ ಧಾರ್ಮಿಕ ಕಾರಣಕ್ಕೆ ನಿತ್ಯ ತಲೆ ಮುಚ್ಚಿಕೊಳ್ಳುವವರು ಹಾಗೆಯೇ ಫೋಟೋ ತೆಗೆಸಿಕೊಳ್ಳಬಹುದು. ಆದರೆ ಪೂರ್ತಿ ಮುಖ ಕಾಣಬೇಕು, ಮುಖದ ಮೇಲೆ ನೆರಳು ಬೀಳಬಾರದು. 2016ರ ನವೆಂಬರ್‌ನಿಂದ ಕನ್ನಡಕ ಹಾಕಿಕೊಂಡ ಫೋಟೋ ನಡೆಯುವುದಿಲ್ಲ.

ಸಂದರ್ಶನಕ್ಕೆ ಹೆದರಬೇಡಿ. ಬಹಳ ಸಲ ಎರಡು-ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಂಗ್ಲಿಷ್ ಬರದಿದ್ದರೆ ಭಾಷಾಂತರಕಾರರ ನೆರವು ಕೇಳಿ. ಬಾಯಿಪಾಠ ಮಾಡಿದ ಇಂಗ್ಲಿಷಿಗಿಂತ ನಮ್ಮ ಭಾಷೆಯ ಸತ್ಯ ವಾಸಿ. ‘ಯಾಕೆ ಹೊರಟಿರಿ?’ ಎಂದರೆ ‘ಮಗಳ ಹೆರಿಗಿ ಐತ್ರಿ, ಅದಕ್ಕ’ ಎನ್ನಿ. ‘ಯಾವಾಗ ಬರುತ್ತೀರಿ?’ ಎಂದರೆ ‘ಹಿಂಗಾರಿ ಬಿತ್ತಗಿ ಹೊತ್ತಿಗೆ ಊರಾಗ ಇರಬೇಕ್ರಿ’ ಎನ್ನಿ. ಈ ಒಂದು ಮಾತಿನಲ್ಲಿ ಹೊಲ ಇದೆ, ಊರು ಇದೆ, ತಿರುಗಿ ಬರುವ ಕಾರಣ ಇದೆ. ‘ಪ್ರವಾಸಕ್ಕೆ’ ಎಂದು ಅರ್ಜಿಯಲ್ಲಿ ಬರೆದು, ಬಾಯಲ್ಲಿ ಬಾಣಂತನದ ಮಾತಾಡಿದರೆ ಕೆಲಸ ಕೆಡುತ್ತದೆ. ಕಡತ ದಪ್ಪಗಿದೆ ಎಂದು ಎಲ್ಲವನ್ನೂ ಕಿಟಕಿಯಲ್ಲಿ ತುರುಕಬೇಡಿ. ಕೇಳಿದ್ದನ್ನು ಮಾತ್ರ ತೋರಿಸಿ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ.

ವೀಸಾ ಸಿಕ್ಕ ಮೇಲೂ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ‘ಹತ್ತು ವರ್ಷದ ವೀಸಾ’ ಎಂದರೆ ಹತ್ತು ವರ್ಷ ಅಲ್ಲಿರಬಹುದು ಎಂದಲ್ಲ. ಆ ಅವಧಿಯಲ್ಲಿ ಹೋಗಿ ಬರಬಹುದು ಎಂದಷ್ಟೆ. ಪ್ರತಿ ಸಲ ಎಷ್ಟು ದಿನ ಇರಬಹುದೆಂದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಗೊತ್ತು ಮಾಡುತ್ತಾನೆ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಆರು ತಿಂಗಳು, ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ. ಕೊಟ್ಟ ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಅಮೆರಿಕದಲ್ಲಿ ಉಳಿದು ಬಂದರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ.

ಇನ್ನು ನಾನು ಬಹಳ ಕಳಕಳಿಯಿಂದ ಹೇಳಬೇಕಾದ ಮಾತು. ‘ವಿಜಿಟ್ ವೀಸಾ ಮೇಲೆ ಹೋಗು, ಅಲ್ಲಿ ಕೆಲಸ ಹಿಡಿ’ ಎನ್ನುವ ಏಜೆಂಟರು ನಮ್ಮ ಹುಡುಗರ ಬೆನ್ನು ಬಿದ್ದಿದ್ದಾರೆ. ಅವರು ಹೀಗೆ ಹೇಳುವುದೇಕೆ? ನಮ್ಮ 1983ರ ಎಮಿಗ್ರೇಷನ್ ಕಾಯ್ದೆಯಡಿ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಬೀಳುತ್ತದೆ. ಅಂಥವರು ಸೌದಿ, ಎಮಿರೇಟ್ಸ್, ಕತಾರ್, ಕುವೈತ್, ಒಮಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಆಗ ಕೆಲಸದ ಕರಾರು ನೋಡುತ್ತಾರೆ, 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ಇದು ಬಡವನಿಗಾಗಿ ಹಾಕಿದ ಬೇಲಿ. ವಿಜಿಟ್ ವೀಸಾ ಈ ಬೇಲಿಯನ್ನು ಹಾರಿಸುವ ಉಪಾಯ. ಹಾರಿದ ಮೇಲೆ ಕರಾರಿಲ್ಲ, ವಿಮೆಯಿಲ್ಲ, ಸಂಬಳ ಕೊಡದಿದ್ದರೆ ಕೇಳುವವರಿಲ್ಲ. ಎಮಿರೇಟ್ಸ್‌ನಲ್ಲಿ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಲೇ ಹೋಗುತ್ತದೆ.

2024ರ ಫೆಬ್ರವರಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಯುವಕರ ಸುದ್ದಿ ನೀವೆಲ್ಲ ಕೇಳಿದ್ದೀರಿ. ಒಳ್ಳೆಯ ಸಂಬಳದ ಕೆಲಸವೆಂದು ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದವರನ್ನು ಯುದ್ಧಭೂಮಿಗೆ ತಳ್ಳಲಾಯಿತು. ಅದೇ ಜಾಲಕ್ಕೆ ಸಿಕ್ಕ ಗುಜರಾತಿನ ಯುವಕನೊಬ್ಬ ಅಲ್ಲಿಯೇ ಜೀವ ಕಳೆದುಕೊಂಡ. ಕಲಬುರಗಿಯ ಹುಡುಗರು ಸೆಪ್ಟೆಂಬರ್‌ನಲ್ಲಿ ಊರು ಮುಟ್ಟಿದರು. ಅವರ ತಾಯಂದಿರು ಆ ಏಳು ತಿಂಗಳನ್ನು ಹೇಗೆ ಕಳೆದಿರಬೇಕು, ಯೋಚಿಸಿ. ಕೆಲಸಕ್ಕೆ ಹೋಗುವವರು ಕೆಲಸದ ವೀಸಾದ ಮೇಲೆಯೇ ಹೋಗಬೇಕು. ಏಜೆಂಟನಿಗೆ ಲೈಸೆನ್ಸ್ ಇದೆಯೇ ಎಂದು ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ಲೈಸೆನ್ಸ್ ಇದ್ದವನೂ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಪರದೇಶದಲ್ಲಿ ಸಿಕ್ಕಿಬಿದ್ದವರ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ಕೊಡಬಹುದು. ಅದು 2015ರಿಂದ ಇದೆ.

ಹಜ್ ವಿಷಯದಲ್ಲಿಯೂ ಇದೇ ಮಾತು. 2024ರ ಜೂನ್‌ನಲ್ಲಿ ಹಜ್ ಕಾಲದ ಭೀಕರ ಬಿಸಿಲಿನಲ್ಲಿ 1,301 ಜನ ಮರಣ ಹೊಂದಿದರು. ಅವರಲ್ಲಿ ಶೇಕಡಾ 83 ಮಂದಿ ಅನುಮತಿ ಇಲ್ಲದೆ ಬಂದವರು ಎಂದು ಸೌದಿ ಸರ್ಕಾರ ಹೇಳಿತು. ಭೇಟಿಯ ವೀಸಾದ ಮೇಲೆ ಬಂದವರು ಅಂಥವರಲ್ಲಿ ಬಹಳ. ಅನುಮತಿ ಇಲ್ಲದವರಿಗೆ ತಂಪಿನ ಡೇರೆಯಿಲ್ಲ, ಬಸ್ಸಿಲ್ಲ, ಮೈಲುಗಟ್ಟಲೆ ಬಿಸಿಲಿನಲ್ಲಿ ನಡಿಗೆ. 2025ರ ಹಜ್‌ಗೆ ಸೌದಿ ಸರ್ಕಾರ ಇಂಥವರಿಗೆ 20,000 ರಿಯಾಲ್‌ವರೆಗೆ ದಂಡ ಘೋಷಿಸಿತು. ‘ಅಗ್ಗದಾಗ ವಿಜಿಟ್ ಮ್ಯಾಲೆ ಹಜ್ ಮಾಡಿಸ್ತೀವಿ’ ಎನ್ನುವವರಿಂದ ನಮ್ಮ ಹಿರಿಯರನ್ನು ಕಾಪಾಡುವುದು ಮಕ್ಕಳ ಕರ್ತವ್ಯ. ಹಜ್ ಕಮಿಟಿ ಅಥವಾ ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕ ಹೋಗುವುದೇ ಸರಿಯಾದ ದಾರಿ.

ವೀಸಾ ನಿರಾಕರಣೆ ಆದರೆ? ಅದು ಅವಮಾನವಲ್ಲ. ಬ್ರಿಟನ್ನಿನವರು ಕಾರಣಗಳನ್ನು ಬರೆದು ಕೊಡುತ್ತಾರೆ. ಷೆಂಗೆನ್ ದೇಶಗಳು ಕಾರಣ ತಿಳಿಸುತ್ತವೆ, ಮೇಲ್ಮನವಿಗೂ ಅವಕಾಶವಿದೆ. ಅಮೆರಿಕದ 214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಆದರೆ ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು. ಕಾರಣವನ್ನು ಓದಿಸಿಕೊಳ್ಳಿ, ಕೊರತೆ ತುಂಬಿಕೊಳ್ಳಿ, ಆಮೇಲೆ ಮತ್ತೆ ಹೋಗಿ. ಆದರೆ ಹಳೆಯ ನಿರಾಕರಣೆಯನ್ನು ಎಂದೂ ಮುಚ್ಚಿಡಬೇಡಿ. ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಬ್ರಿಟನ್ ಹತ್ತು ವರ್ಷ ದೂರವಿಡುತ್ತದೆ. ಅಮೆರಿಕದಲ್ಲಿ ಅದು ಜೀವಮಾನದ ಕಲೆಯೇ ಆಗಬಹುದು. ಇಂದು ಸಿಗದ ವೀಸಾ ನಾಳೆ ಸಿಗಬಹುದು, ಕಳೆದುಹೋದ ನಂಬಿಕೆ ಸಿಗುವುದು ಕಷ್ಟ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಎಸ್.ಎಸ್.ಎಲ್.ಸಿ. ಪಾಸಾದವನ ಪಾಸ್‌ಪೋರ್ಟಿಗೆ ಆ ‘ಇಸಿಆರ್’ ಗುರುತು ಬೀಳುವುದಿಲ್ಲ. ಒಂದು ಪರೀಕ್ಷೆ ಪಾಸಾದ ಮಾತ್ರಕ್ಕೆ ಲೋಕದ ಮುಂದೆ ನಿಮ್ಮ ನಿಲುವು ಎಷ್ಟು ಬದಲಾಗುತ್ತದೆ ನೋಡಿ. ಫೇಲಾಗಿ ಶಾಲೆ ಬಿಟ್ಟ ನಿಮ್ಮ ಗೆಳೆಯರನ್ನು ಮತ್ತೆ ಪರೀಕ್ಷೆಗೆ ಕೂಡಿಸಿ. ಕಾಲೇಜು ಓದುವ ನೀವು ನಾಲ್ಕೈದು ಜನ ಸೇರಿ, ವಾರಕ್ಕೊಂದು ದಿನ ಊರ ಹಿರಿಯರ ಅರ್ಜಿ ಓದಿ ಹೇಳುವ, ಹೆಸರುಗಳ ಹೊಂದಾಣಿಕೆ ನೋಡುವ ಕೆಲಸ ಮಾಡಿ. ಅದಕ್ಕೆ ಹಣ ಬೇಕಿಲ್ಲ, ಒಂದು ಬೆಂಚು, ಒಂದು ಪೆನ್ನು, ಸ್ವಲ್ಪ ತಾಳ್ಮೆ ಸಾಕು. ಅಂಥ ಬೆಂಚು ಒಂದು ಊರಲ್ಲಿದ್ದರೆ ಏಜೆಂಟನ ಸುಳ್ಳಿಗೆ ಅಲ್ಲಿ ಬೆಲೆ ಇರುವುದಿಲ್ಲ.